ಕರಿನೀರಿನ ದುಡಿಮೆ ಮತ್ತು ಪ್ರತಿರೋಧ: ಕೃಷ್ಣಾತೀರದಿಂದ ಅಂಡಮಾನಿನವರೆಗೆ

1. ಪ್ರವೇಶ

ವಸಾಹತು ಕಾಲದ ಶಿಕ್ಷೆಗಳಲ್ಲಿ 'ಕರಿನೀರು' ಎಂಬುದರಷ್ಟು ಆಳವಾಗಿ ಕನ್ನಡ ಜನಮನದಲ್ಲಿ ಬೇರೂರಿದ ಹೆಸರು ವಿರಳ. ಕಾನೂನಿನ ಭಾಷೆಯಲ್ಲಿ ಇದು ದ್ವೀಪಾಂತರವಾಸ. ಆಡುಮಾತಿನಲ್ಲಿ ಕರಿನೀರಿನ ಶಿಕ್ಷೆ. ಹಿಂದಿಯ 'ಕಾಲಾಪಾನಿ' ಕನ್ನಡದಲ್ಲಿ ಈ ರೂಪವನ್ನು ಪಡೆಯಿತು. ಮೂಲದ 'ಕಾಲಾ' ಎಂಬುದರಲ್ಲಿ ಕಪ್ಪು ಎಂಬ ಅರ್ಥದ ಜೊತೆಗೆ ಕಾಲ, ಮೃತ್ಯು ಎಂಬ ಧ್ವನಿಯನ್ನೂ ಗುರುತಿಸಿದವರಿದ್ದಾರೆ. ಕನ್ನಡವು ಬಣ್ಣವನ್ನು ಉಳಿಸಿಕೊಂಡು ಕಾಲನನ್ನು ಬಿಟ್ಟುಕೊಟ್ಟಿದೆ. ಆದರೆ ಎರಡೂ ರೂಪಗಳಿಗೆ ಸಮಾನವಾದ ಒಂದು ಮಿತಿಯಿದೆ. ಈ ಪದಗಳು ದಾಟಬೇಕಾದ ನೀರನ್ನು ಹೆಸರಿಸುತ್ತವೆ. ದಾಟಿದ ಮೇಲೆ ಮಾಡಬೇಕಾದ ಕೆಲಸವನ್ನು ಹೆಸರಿಸುವುದಿಲ್ಲ.

ದ್ವೀಪಾಂತರ ಶಿಕ್ಷೆಯ ತಿರುಳಾದರೋ ಕೆಲಸವೇ ಆಗಿತ್ತು. ಕಾಡು ಕಡಿಯುವುದು, ಜವುಳು ತುಂಬುವುದು, ರಸ್ತೆ ಹಾಕುವುದು, ಇಟ್ಟಿಗೆ ಸುಡುವುದು, ನಾರು ಬಡಿಯುವುದು, ಗಾಣ ತಿರುಗಿಸುವುದು ಇವುಗಳಿಗೆ ಬೇಕಾದ ಕೈಗಳನ್ನು ನ್ಯಾಯಾಲಯದ ತೀರ್ಪುಗಳು ಒದಗಿಸುತ್ತಿದ್ದವು. ಆದ್ದರಿಂದ ಕೈದಿಗಳ ಪ್ರತಿರೋಧವನ್ನು ದೇಶಭಕ್ತಿಯ ಕಥನವಾಗಿ ಮಾತ್ರ ಓದಿದರೆ ಅದರ ಅರ್ಧಭಾಗ ಕೈಬಿಟ್ಟುಹೋಗುತ್ತದೆ. ಶಿಕ್ಷೆಯ ತಿರುಳು ದುಡಿಮೆಯಾಗಿದ್ದಲ್ಲಿ ಪ್ರತಿರೋಧದ ತಿರುಳು ದುಡಿಮೆಯ ನಿರಾಕರಣೆಯಾಗಿತ್ತು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಈ ಚರ್ಚೆಯನ್ನು ಅಂಡಮಾನಿನಿಂದ ಆರಂಭಿಸದೆ, ಕರಿನೀರಿಗಿಂತ ಸಾವೇ ಮೇಲೆಂಬ ಮಾತು ದಾಖಲಾಗಿರುವ ಕನ್ನಡದ ಒಂದು ಸೀಮೆಯಿಂದ ಆರಂಭಿಸುವುದು ಉಚಿತ.

2. ಕೃಷ್ಣಾತೀರದ ನಿರಾಕರಣೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಊರು. ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡ ಕ್ಷೇತ್ರ. ದೇವದುರ್ಗ, ಮಾನ್ವಿ, ರಾಯಚೂರುಗಳನ್ನು ಒಳಗೊಂಡ ಕೃಷ್ಣಾ-ತುಂಗಭದ್ರೆಗಳ ನಡುವಣ ದೋಆಬ್ ಪ್ರದೇಶವು 1853ರ ಒಪ್ಪಂದದಂತೆ ನಿಜಾಮನಿಂದ ಕಂಪನಿಯ ಆಡಳಿತಕ್ಕೆ ಹೋಯಿತು. 1860ರಲ್ಲಿ ಮತ್ತೆ ನಿಜಾಮನಿಗೆ ಮರಳಿತು. ನದಿಯ ಉತ್ತರಕ್ಕೆ ಬೇಡ ನಾಯಕರ ಸುರಪುರ ಸಂಸ್ಥಾನವಿತ್ತು. ಅದೂ 1860ರಲ್ಲಿ ನಿಜಾಮನ ಪಾಲಾಯಿತು. ಈ ಎರಡು ವರ್ಷಗಳ ನಡುವೆ ನಡೆದದ್ದು ಸುರಪುರದ ಬಂಡಾಯ.

1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಪಡೆಗೂ ಕಂಪನಿಯ ಪಡೆಗೂ ಕಾಳಗವಾಯಿತು. ಕಂಪನಿಯ ಕಡೆಯ ಕ್ಯಾಪ್ಟನ್ ನ್ಯೂಬೆರಿ ಹತನಾದ. ರಾಜ ಹೈದರಾಬಾದಿನ ಕಡೆಗೆ ಹೋಗಿ ಅಲ್ಲಿ ಸೆರೆಯಾದ. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲಾಯಿತು. ಅದನ್ನು ಮೊದಲು ಜೀವಾವಧಿ ದ್ವೀಪಾಂತರಕ್ಕೆ, ಬಳಿಕ ಮದ್ರಾಸು ಪ್ರಾಂತದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ರಾಜನ ಮರಣವಾಯಿತು.

ಈ ಪ್ರಸಂಗದ ಮುಖ್ಯ ಆಕರ, ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದು ರಾಜನನ್ನು ಬಾಲ್ಯದಿಂದ ಬಲ್ಲವನಾಗಿದ್ದ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ (1877). ಸೆರೆಯಲ್ಲಿದ್ದ ರಾಜ ತನ್ನೊಡನೆ ಆಡಿದ ಮಾತುಗಳನ್ನು ಟೇಲರ್ ದಾಖಲಿಸಿದ್ದಾನೆ. ಅವುಗಳ ಸಾರ ಇಷ್ಟು: ಸಾವಿಗೆ ಅಂಜಿಕೆಯಿಲ್ಲ, ಸಮುದ್ರದಾಚೆಗೆ ಕಳಿಸುವುದು ಅಥವಾ ಸೆರೆಮನೆಯಲ್ಲಿ ಇಡುವುದು ಮಾತ್ರ ಬೇಡ, ಅತಿ ಸಾಮಾನ್ಯನಾದ ಬೇಡನೂ ಅದನ್ನು ಸಹಿಸಿ ಬದುಕಲಾರ. ಇದು ಅಧಿಕಾರಿಯೊಬ್ಬನ ನೆನಪಿನಲ್ಲಿ ಸೋಸಿ ಬಂದ ಮಾತೆಂಬ ಎಚ್ಚರ ಇರಬೇಕು. ಆದರೂ ಇದರಲ್ಲಿ ಗಮನಾರ್ಹವಾದ ಅಂಶವಿದೆ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಭಯವೇ ಭಾರತೀಯರನ್ನು ಹೆದರಿಸಲು ಸಾಕು ಎಂದು ವಸಾಹತು ಅಧಿಕಾರಿಗಳು ನಂಬಿದ್ದರು. ದ್ವೀಪಾಂತರವನ್ನು ಮರಣಕ್ಕೆ ಸಮನಾದ ಶಿಕ್ಷೆಯೆಂದು ಅವರು ಬಗೆದುದಕ್ಕೆ ಇದೇ ಆಧಾರ. ಸುರಪುರದ ರಾಜನ ಮಾತಿನಲ್ಲಿ ಜಾತಿಯ ಪ್ರಸ್ತಾಪವಿಲ್ಲ. ಸಮುದ್ರ ಮತ್ತು ಸೆರೆಮನೆ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಕಾಡು, ಗುಡ್ಡ, ಬೇಟೆ, ಆಯುಧಗಳ ನಡುವೆ ಬದುಕನ್ನು ಕಟ್ಟಿಕೊಂಡ ಸಮುದಾಯಕ್ಕೆ ಚಲನೆಯ ಸ್ವಾತಂತ್ರ್ಯವೇ ಬದುಕಿನ ಅಳತೆಯಾಗಿತ್ತು. ಇಲ್ಲಿ ಕರಿನೀರಿನ ಭಯ ಬಂಧನದ ಭಯವಾಗಿತ್ತು.

3. ಲಾವಣಿಯ ಆವರಣ

ಇದೇ ಕಾಲಘಟ್ಟದ ಹಲಗಲಿಯ ಪ್ರಕರಣ ಕನ್ನಡ ಅಧ್ಯಾಪಕರಿಗೆ ಪರಿಚಿತವಾದುದು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ನಿರಾಕರಿಸಿದರು. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 13 ಮಂದಿಯನ್ನು ಮುಧೋಳದಲ್ಲಿಯೂ 6 ಮಂದಿಯನ್ನು ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಹಾಡುವ ಲಾವಣಿಯನ್ನು ಸಂಗೊಳ್ಳಿ ರಾಯಣ್ಣನ ಲಾವಣಿಯೊಂದಿಗೆ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ. ಈ ಲಾವಣಿಗಳ ಕಣ್ಣು ಕಾಳಗ, ದ್ರೋಹ, ಸೆರೆ, ಸಾವು, ಊರಿನ ನಾಶಗಳ ಮೇಲೆ ನೆಟ್ಟಿದೆ. ಲಾವಣಿ ಊರಿನ ಕಲೆ. ಊರಿನ ಕಣ್ಣಿಗೆ ಕಂಡದ್ದು ಅದರ ವಸ್ತು. ಗಲ್ಲಿಗೇರಿದವನ ಕಥೆ ಊರಿನ ಮುಂದೆ ಮುಗಿಯುತ್ತದೆ. ಹಡಗು ಹತ್ತಿದವನ ಕಥೆ ಊರಿನ ಕಣ್ಣಳತೆಯನ್ನು ಮೀರಿ ಮುಂದುವರಿಯುತ್ತದೆ. ಬಹಿರಂಗ ಗಲ್ಲು ನೆನಪನ್ನು ಉಳಿಸುವ ಶಿಕ್ಷೆಯಾದರೆ ದ್ವೀಪಾಂತರ ನೆನಪನ್ನು ಕಡಿಯುವ ಶಿಕ್ಷೆ.

ಕನ್ನಡ ನಾಡಿನಿಂದ ಹೀಗೆ ಹಡಗು ಹತ್ತಿದವರ ಚರಿತ್ರೆ 1857ಕ್ಕಿಂತ ಹಿಂದಿನದು. 1837ರ ಕೊಡಗು-ಸುಳ್ಯ ಸೀಮೆಯ ಬಂಡಾಯವನ್ನು ಅಡಗಿಸಿದ ಬಳಿಕ ನಾಯಕರಲ್ಲಿ ಕೆಲವರನ್ನು ಗಲ್ಲಿಗೇರಿಸಿದರು, ಕೆಲವರನ್ನು ಸಿಂಗಪುರಕ್ಕೆ ಸಾಗಿಸಿದರು. ಸಿಂಗಪುರವು 1825ರಿಂದ 1873ರವರೆಗೆ ಭಾರತೀಯ ಕೈದಿಗಳ ವಸಾಹತಾಗಿತ್ತು. ಅಲ್ಲಿಯ ರಸ್ತೆಗಳು, ಸಂತ ಆಂಡ್ರೂಸ್ ಚರ್ಚು, ಸರ್ಕಾರಿ ಭವನ ಇವೆಲ್ಲ ಕೈದಿಗಳ ದುಡಿಮೆಯಿಂದ ಎದ್ದವು. ಬಂಗಾಳ ಮತ್ತು ಮದ್ರಾಸು ಪ್ರಾಂತಗಳಲ್ಲಿ 1849ರವರೆಗೆ ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧವನ್ನು ಸೂಚಿಸುವ ಹಚ್ಚೆ ಹಾಕುವ ಪದ್ಧತಿ ಇತ್ತು. ಕನ್ನಡದ ಹಳ್ಳಿಗಳಲ್ಲಿ ಅಲಂಕಾರವೂ ಕುಲದ ಗುರುತೂ ಆಗಿದ್ದ ಹಚ್ಚೆ ಇಲ್ಲಿ ರಾಜ್ಯದ ಮುದ್ರೆಯಾಯಿತು. ಕೈದಿಗಳು ರುಮಾಲನ್ನು ಹಣೆಯವರೆಗೆ ಇಳಿಸಿ ಸುತ್ತಿ ಅದನ್ನು ಮರೆಮಾಡುತ್ತಿದ್ದುದನ್ನು ಕ್ಲೇರ್ ಆಂಡರ್ಸನ್ ಅವರ ಅಧ್ಯಯನಗಳು ತೋರಿಸಿವೆ. ಘೋಷಣೆಯಿಲ್ಲದ, ಆಯುಧವಿಲ್ಲದ ಈ ವರ್ತನೆಯನ್ನೂ ಪ್ರತಿರೋಧವೆಂದು ಗುರುತಿಸುವ ದೃಷ್ಟಿ ಇಲ್ಲದಿದ್ದರೆ ಮುಂದಿನ ಚರಿತ್ರೆ ಅರ್ಥವಾಗುವುದಿಲ್ಲ.

4. 1858: ಪಲಾಯನವೆಂಬ ಮುಷ್ಕರ

ಸುರಪುರದ ಬಂಡಾಯ ನಡೆದ ಮರುತಿಂಗಳೇ, 1858ರ ಮಾರ್ಚ್ 10ರಂದು, ಡಾಕ್ಟರ್ ಜೆ.ಪಿ. ವಾಕರ್ 200 ಕೈದಿಗಳೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಇಳಿದ. 1857ರ ಬಂಡಾಯದ ಶಿಕ್ಷಿತರಿಂದ ತುಂಬಿಹೋಗಿದ್ದ ಸೆರೆಮನೆಗಳಿಗೆ ತೆರವು ಒದಗಿಸುವುದು, ಆಯಕಟ್ಟಿನ ದ್ವೀಪಗಳನ್ನು ಕೈದಿಗಳ ಕೈಯಿಂದಲೇ ನೆಲೆಗೊಳಿಸುವುದು ಎರಡೂ ಉದ್ದೇಶಗಳು ಇದರ ಹಿಂದಿದ್ದವು. ಚಾತಮ್ ಮತ್ತು ರಾಸ್ ದ್ವೀಪಗಳಲ್ಲಿ ಕಾಡು ಕಡಿಯುವ ಕೆಲಸ ಆರಂಭವಾಯಿತು.

ಮೂರು ತಿಂಗಳ ಬಳಿಕ, ಜೂನ್ 16ರ ಲೆಕ್ಕ ಹೀಗಿದೆ: ಬಂದವರು 773, ಆಸ್ಪತ್ರೆಯಲ್ಲಿ ಸತ್ತವರು 64, ತಪ್ಪಿಸಿಕೊಂಡು ಮರಳಿ ಸಿಗದವರು 140, ಆತ್ಮಹತ್ಯೆ 1, ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕಾಗಿ ಗಲ್ಲಿಗೇರಿದವರು 87, ಉಳಿದವರು 481. ಗಲ್ಲಿಗೇರಿದವರಲ್ಲಿ 86 ಮಂದಿಯನ್ನು ಒಂದೇ ದಿನ ಕೊಲ್ಲಲಾಯಿತು. ಇದನ್ನು ಮೇಲಿನ ಸರ್ಕಾರವೇ ಒಪ್ಪದೆ ಇಂಥ ಗಲ್ಲುಗಳನ್ನು ನಿಲ್ಲಿಸುವಂತೆ ವಾಕರನಿಗೆ ಸೂಚಿಸಿತು.

ಈ ಅಂಕಿಗಳನ್ನು ದುಡಿಮೆಯ ದೃಷ್ಟಿಯಿಂದ ಓದಬೇಕು. ಸಿಗದೇ ಹೋದ 140 ಮತ್ತು ಗಲ್ಲಿಗೇರಿದ 87 ಸೇರಿದರೆ 227. ಎಂದರೆ ಬಂದವರಲ್ಲಿ ನೂರಕ್ಕೆ 29ರಷ್ಟು ಮಂದಿ ಮೂರೇ ತಿಂಗಳಲ್ಲಿ ಕೆಲಸದ ನೆಲೆಯನ್ನು ಬಿಟ್ಟು ಓಡಿದ್ದರು. ಸುತ್ತ ಕಡಲು, ಎದುರಿಗೆ ಅಪರಿಚಿತ ಕಾಡು. ಬರ್ಮಾದ ನೆಲ ಹತ್ತಿರವಿದೆಯೆಂಬ ನಂಬಿಕೆ ಕೆಲವರದಾಗಿತ್ತು. ಇದನ್ನು ಅವಿವೇಕವೆಂದು ಅಧಿಕಾರಿಗಳು ಬರೆದರು. ಆದರೆ ದಿನದ ಕೆಲಸ, ಜ್ವರ, ಬೇಡಿಗಳ ನಡುವೆ ಇದ್ದವನಿಗೆ ಕಾಡು ಅಪಾಯದ ಸ್ಥಳವಾಗಿದ್ದಂತೆಯೇ ಕೆಲಸವಿಲ್ಲದ ಸ್ಥಳವೂ ಆಗಿತ್ತು. ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಪಲಾಯನವನ್ನು ಪರಿಣಾಮದ ದೃಷ್ಟಿಯಿಂದ ಮುಷ್ಕರವೆಂದೇ ಕರೆಯಬಹುದು. ಅದು ವಸಾಹತಿಗೆ ಅಗತ್ಯವಾದ ಕೈಗಳನ್ನು ಹಿಂತೆಗೆದುಕೊಂಡಿತು. 1859ರ ಏಪ್ರಿಲಿನಲ್ಲಿ ಕೆಲಸದ ಸ್ಥಳದಲ್ಲಿಯೇ ವಾಕರನ ಕೊಲೆಗೆ ಯತ್ನ ನಡೆಯಿತು. ಅವನನ್ನು ಉಳಿಸಿದವರೂ ಕೈದಿಗಳೇ ಎಂಬುದು ಕೈದಿಗಳ ಲೋಕ ಒಂದೇ ಮನಸ್ಸಿನದಾಗಿರಲಿಲ್ಲ ಎಂಬುದನ್ನು ಸೂಚಿಸುತ್ತದೆ.

ಈ ಸಂಕೀರ್ಣತೆಯನ್ನು ದೂಧನಾಥ ತಿವಾರಿಯ ಪ್ರಸಂಗ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಸಿಪಾಯಿಯಾಗಿದ್ದ ಈತ 1858ರ ಏಪ್ರಿಲಿನಲ್ಲಿ ಗುಂಪಿನೊಡನೆ ರಾಸ್ ದ್ವೀಪದಿಂದ ತಪ್ಪಿಸಿಕೊಂಡ. ಜೊತೆಗಾರರಲ್ಲಿ ಹೆಚ್ಚಿನವರು ಅಂಡಮಾನಿನ ಮೂಲನಿವಾಸಿಗಳ ಬಾಣಗಳಿಗೆ ಬಲಿಯಾದರು. ಗಾಯಗೊಂಡ ದೂಧನಾಥನನ್ನು ಅವರೇ ಉಳಿಸಿಕೊಂಡರು. ವರ್ಷಕ್ಕೂ ಮಿಕ್ಕಿ ಅವರೊಡನೆ ಬದುಕಿ ಅಲ್ಲಿಯೇ ಮದುವೆಯಾದ. ಮೂಲನಿವಾಸಿಗಳು ವಸಾಹತಿನ ಮೇಲೆ ದಾಳಿಗೆ ಹೊರಟಾಗ ಅವರನ್ನು ಬಿಟ್ಟು ಬಂದು ವಾಕರನಿಗೆ ಸುಳಿವು ಕೊಟ್ಟ. 1859ರ ಮೇ 17ರ ಅಬರ್ಡೀನ್ ಕಾಳಗದಲ್ಲಿ ಮೂಲನಿವಾಸಿಗಳು ಸೋತರು. ದೂಧನಾಥನಿಗೆ ಕ್ಷಮಾದಾನ ದೊರೆಯಿತು. ತಮ್ಮ ನೆಲವನ್ನು ಕಾಯುತ್ತಿದ್ದವರ ಪ್ರತಿರೋಧವೂ ಆ ನೆಲಕ್ಕೆ ಬಲವಂತವಾಗಿ ತಂದುಹಾಕಲ್ಪಟ್ಟವರ ಪ್ರತಿರೋಧವೂ ಇಲ್ಲಿ ಒಂದನ್ನೊಂದು ಕೊಂದವು. ಕೈದಿ ಬೀಸಿದ ಪ್ರತಿಯೊಂದು ಕೊಡಲಿಯೂ ಮತ್ತೊಬ್ಬರ ಕಾಡಿನ ಮೇಲೆ ಬೀಳುತ್ತಿತ್ತು. ಕೈದಿಗಳನ್ನು ಬಲಿಪಶುಗಳೆಂದು ಮಾತ್ರವಾಗಲಿ ವೀರರೆಂದು ಮಾತ್ರವಾಗಲಿ ವರ್ಣಿಸುವ ಕಥನಗಳು ಈ ಸತ್ಯವನ್ನು ಎದುರಿಸಲಾರವು.

5. ಸನ್ನಡತೆಯ ರಾಜಕಾರಣ

ಪಲಾಯನದ ಅನುಭವದಿಂದ ಆಡಳಿತ ಪಾಠ ಕಲಿಯಿತು. ಬೇಡಿಯಿಂದ ಮಾತ್ರ ಕೆಲಸ ತೆಗೆಯುವುದು ಸಾಧ್ಯವಿಲ್ಲವೆಂದು ಅರಿತು ಕೈದಿಗಳನ್ನು ವರ್ಗಗಳಾಗಿ ವಿಂಗಡಿಸಿತು. ಸನ್ನಡತೆಯ ವರ್ಷಗಳನ್ನು ಪೂರೈಸಿದವನಿಗೆ ಹಗುರ ಕೆಲಸ, ಬಳಿಕ ಪರವಾನಗಿ ಚೀಟಿ, ಸ್ವಂತ ಗುಡಿಸಲು, ಬೇಸಾಯ, ಮದುವೆಯ ಅವಕಾಶ ಇತ್ಯಾದಿ ದೊರೆಯುತ್ತಿದ್ದವು. ಜಮಾದಾರ, ಟಿಂಡಾಲ್, ಪೆಟಿ ಆಫೀಸರ್ ಎಂಬ ಹೆಸರಿನ ಮೇಲ್ವಿಚಾರಕರನ್ನು ಕೈದಿಗಳಿಂದಲೇ ಆರಿಸಲಾಗುತ್ತಿತ್ತು. ರಾಯಚೂರು ಸೀಮೆಯ ಓದುಗರಿಗೆ ಈ ವ್ಯವಸ್ಥೆಯನ್ನು ಜೀತದೊಡನೆ ಹೋಲಿಸಿ ಗ್ರಹಿಸುವುದು ಸುಲಭ. ಜೀತದಲ್ಲಿ ಆಳನ್ನು ಕಟ್ಟಿಹಾಕುವುದು ತೀರದ ಸಾಲ. ದ್ವೀಪದಲ್ಲಿ ಕಟ್ಟಿಹಾಕುತ್ತಿದ್ದುದು ತೀರ್ಪು. ಎರಡರಲ್ಲಿಯೂ ಬಿಡುಗಡೆಯ ಆಸೆ ದುಡಿಮೆಯನ್ನು ಸಾಗಿಸುವ ಸಾಧನವಾಗುತ್ತದೆ. ಭೇದವೆಂದರೆ, ದ್ವೀಪದಲ್ಲಿ ಒಡೆಯನ ಸ್ಥಾನದಲ್ಲಿದ್ದುದು ಸ್ವತಃ ರಾಜ್ಯ.

ಇಂಥ ವ್ಯವಸ್ಥೆಯಲ್ಲಿ ಪ್ರತಿರೋಧ ನಿಧಾನಗತಿಯ ಕೆಲಸ, ಕಾಯಿಲೆಯ ನಟನೆ, ಮೌನ ಇಂಥ ಮರೆಗಳಲ್ಲಿ ಉಳಿಯಿತು. ಸನ್ನಡತೆಯ ದಾಖಲೆ ಕೈದಿಯ ಮನಸ್ಸಿನ ದಾಖಲೆಯಲ್ಲ ಎಂಬುದು 1872ರ ಫೆಬ್ರವರಿ 8ರಂದು ಬಯಲಾಯಿತು. ಅಂದು ಹೋಪ್‌ಟೌನ್ ದಕ್ಕೆಯಲ್ಲಿ ವೈಸ್‌ರಾಯ್ ಲಾರ್ಡ್ ಮೇಯೋನನ್ನು ಇರಿದು ಕೊಂದ ಶೇರ್ ಅಲಿ ಆಫ್ರಿದಿ ಕ್ಷೌರಿಕನಾಗಿ ಕೆಲಸ ಮಾಡುತ್ತಿದ್ದ, ಒಳ್ಳೆಯ ನಡತೆಯವನೆಂದು ಹೆಸರಾಗಿದ್ದ ಕೈದಿ. ಮಾರ್ಚ್ 11ರಂದು ಅವನನ್ನು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಲಾಯಿತು.

6. ಗಾಣ

1896ರಿಂದ 1906ರವರೆಗೆ ಕೈದಿಗಳ ದುಡಿಮೆಯಿಂದಲೇ ಸೆಲ್ಯುಲರ್ ಜೈಲು ನಿರ್ಮಾಣವಾಯಿತು. ನಡುಗೋಪುರದಿಂದ ಚಾಚಿದ ಏಳು ರೆಕ್ಕೆಗಳು, ಮೂರು ಅಂತಸ್ತುಗಳು, ಸುಮಾರು 700 ಒಂಟಿ ಕೋಣೆಗಳು. ಹೊರಗಿನ ಕೆಲಸದಲ್ಲಿ ಕೈದಿಗಳು ಒಟ್ಟುಗೂಡುತ್ತಿದ್ದರು. ಈ ಕಟ್ಟಡ ಅವರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿತು. 1909ರ ಬಳಿಕ ಅಲೀಪುರ ಬಾಂಬ್ ಮೊಕದ್ದಮೆಯ ಶಿಕ್ಷಿತರೂ ಇತರ ರಾಜಕೀಯ ಕೈದಿಗಳೂ ಇಲ್ಲಿಗೆ ಬಂದರು.

ಇಲ್ಲಿಯ ಕೆಲಸಗಳಲ್ಲಿ ಅತಿ ಕಠಿಣವಾದುದು ಗಾಣ. ದಿನವೊಂದಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ಅಥವಾ 10 ಪೌಂಡ್ ಸಾಸಿವೆ ಎಣ್ಣೆ ತೆಗೆಯಬೇಕು. ಅಳತೆ ತುಂಬದಿದ್ದರೆ ಬೈಗುಳ, ಹೊಡೆತ, ನಿಲುವುಬೇಡಿ. ಕುಸುಬೆ, ಎಳ್ಳು ಬೆಳೆಯುವ ಉತ್ತರ ಕರ್ನಾಟಕದ ಊರುಗಳಲ್ಲಿ ಗಾಣಕ್ಕೆ ಎತ್ತನ್ನು ಹೂಡುತ್ತಿದ್ದರು. ಎತ್ತು ಸುತ್ತಬೇಕಾದಲ್ಲಿ ಮನುಷ್ಯನನ್ನು ಹೂಡುವುದರಲ್ಲಿ ಎಣ್ಣೆಯ ಲಾಭಕ್ಕಿಂತ ಮಿಗಿಲಾದ ಉದ್ದೇಶವಿತ್ತು. ಓದು ಬರಹ ಬಲ್ಲ ಕೈದಿಗೆ ಅವನು ಬರೀ ಮೈ ಎಂದು ದಿನವೂ ಮನಗಾಣಿಸುವ ಪಾಠ ಅದು.

ಈ ಪಾಠವನ್ನು ಎಲ್ಲರೂ ತಾಳಿಕೊಳ್ಳಲಿಲ್ಲ. 1912ರ ಏಪ್ರಿಲಿನಲ್ಲಿ ಇಂದುಭೂಷಣ ರಾಯ್ ಕೋಣೆಯಲ್ಲಿ ನೇಣು ಹಾಕಿಕೊಂಡ. ಇಟ್ಟಿಗೆಯ ಕೆಲಸವನ್ನು ನಿರಾಕರಿಸಿದ ಉಲ್ಲಾಸಕರ್ ದತ್ತನನ್ನು ಕೈಕೋಳದಲ್ಲಿ ತೂಗಿ ನಿಲ್ಲಿಸಲಾಯಿತು. ಜ್ವರವೇರಿ ಅವನ ಮನಸ್ಸು ಕದಡಿತು. ಮುಂದೆ ಮದ್ರಾಸಿನ ಮಾನಸಿಕ ಆಸ್ಪತ್ರೆಗೆ ಸಾಗಿಸಿದರು. ಹೋತಿಲಾಲ್ ವರ್ಮಾ ಗುಟ್ಟಾಗಿ ಹೊರಗೆ ಕಳಿಸಿದ ಪತ್ರ ಕಲ್ಕತ್ತೆಯ 'ಬೆಂಗಾಲಿ' ಪತ್ರಿಕೆಯನ್ನು ಮುಟ್ಟಿತು. ಒಳಗೆ ಕೆಲಸ ನಿಲ್ಲಿಸುವ ಮುಷ್ಕರಗಳು ನಡೆದವು. ನನಿಗೋಪಾಲ ಮುಖರ್ಜಿ ಉಪವಾಸ ಹೂಡಿದ. 1913ರಲ್ಲಿ ಗೃಹ ಸದಸ್ಯ ರೆಜಿನಾಲ್ಡ್ ಕ್ರ್ಯಾಡಕ್ ದ್ವೀಪಕ್ಕೆ ಬಂದು ಕೈದಿಗಳನ್ನು ಕಂಡ. 1914ರಲ್ಲಿ ಅವಧಿ ಶಿಕ್ಷೆಯ ರಾಜಕೀಯ ಕೈದಿಗಳನ್ನು ಭಾರತದ ಜೈಲುಗಳಿಗೆ ಮರಳಿಸಲಾಯಿತು. ಮುಷ್ಕರ, ಉಪವಾಸ, ಪತ್ರ ಈ ಮೂರೂ ಕೂಡಿದಾಗ ಮಾತ್ರ ಆಡಳಿತ ಕದಲಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

7. 1933 ಮತ್ತು 1937

ಜೈಲುಗಳ ಸುಧಾರಣೆಗಾಗಿ 1919-20ರಲ್ಲಿ ಕೆಲಸ ಮಾಡಿದ ಸಮಿತಿ ಅಂಡಮಾನಿಗೆ ಕೈದಿಗಳನ್ನು ಕಳಿಸುವುದನ್ನು ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರ ಅದನ್ನು ತಾತ್ತ್ವಿಕವಾಗಿ ಒಪ್ಪಿತು. ಆದರೂ 1932ರಲ್ಲಿ ಕ್ರಾಂತಿಕಾರಿಗಳನ್ನು ಮತ್ತೆ ಅಲ್ಲಿಗೆ ಸಾಗಿಸತೊಡಗಿತು. 1933ರ ಮೇ 12ರಂದು ಸಾಮೂಹಿಕ ಉಪವಾಸ ಆರಂಭವಾಯಿತು. ತಿನ್ನಬಹುದಾದ ಅನ್ನ, ರಾತ್ರಿ ದೀಪ, ಸಾಬೂನು, ಪುಸ್ತಕ, ಪತ್ರಿಕೆ ಇಂಥವು ಬೇಡಿಕೆಗಳು. ಮೂಗಿನ ನಳಿಗೆಯ ಮೂಲಕ ಬಲವಂತವಾಗಿ ಹಾಲು ಇಳಿಸುವ ಕ್ರಮದಲ್ಲಿ ಮೇ 17ರಂದು ಮಹಾವೀರ್ ಸಿಂಗ್ ಅಸುನೀಗಿದ. ಅದೇ ತಿಂಗಳು ಮೋಹನಕಿಶೋರ ನಮದಾಸ್, ಮೋಹಿತ್ ಮೊಯಿತ್ರ ತೀರಿಕೊಂಡರು. 46 ದಿನಗಳ ಬಳಿಕ ಬೇಡಿಕೆಗಳು ಬಹುಮಟ್ಟಿಗೆ ಈಡೇರಿದವು. 1937ರ ಜುಲೈ ಕೊನೆಯಲ್ಲಿ ಮತ್ತೊಂದು ಉಪವಾಸ ಆರಂಭವಾಯಿತು. ಈ ಬಾರಿಯ ಬೇಡಿಕೆ ತಾಯ್ನೆಲಕ್ಕೆ ಮರಳಿಸಬೇಕೆಂಬುದು. ಗಾಂಧೀಜಿ, ರವೀಂದ್ರನಾಥ ಠಾಕೂರ್ ಮೊದಲಾದವರ ಮನವಿಯ ಮೇರೆಗೆ ಉಪವಾಸ ನಿಂತಿತು. 1938ರ ಜನವರಿಯ ಹೊತ್ತಿಗೆ ರಾಜಕೀಯ ಕೈದಿಗಳೆಲ್ಲ ಮರಳಿದರು.

ಉಪವಾಸವನ್ನು ಆತ್ಮಬಲದ ಪ್ರದರ್ಶನವೆಂದು ವಿವರಿಸುವುದು ರೂಢಿ. ದುಡಿಮೆಯ ಚೌಕಟ್ಟಿನಲ್ಲಿ ಅದಕ್ಕೆ ಮತ್ತೊಂದು ಅರ್ಥವಿದೆ. ಕೈದಿಯ ಮೈಯ ಮೇಲೆ ರಾಜ್ಯಕ್ಕೆ ಒಡೆತನವಿದೆ. ಅದನ್ನು ದುಡಿಸುವ, ದಂಡಿಸುವ, ಕೊಲ್ಲುವ ಅಧಿಕಾರವಿದೆ. ಅನ್ನವನ್ನು ಒಲ್ಲೆನೆಂದವನು ಆ ಒಡೆತನದ ಬುಡವನ್ನೇ ಅಲುಗಿಸುತ್ತಾನೆ. ಬಲವಂತದ ಹಾಲು ಕರುಣೆಯ ಕ್ರಮವಾಗಿರದೆ ಒಡೆತನವನ್ನು ಮರಳಿ ಸ್ಥಾಪಿಸುವ ಕ್ರಮವಾಗಿತ್ತು. 1858ರಲ್ಲಿ ಕಾಡಿಗೆ ಓಡಿದ ಕೈದಿ ತನ್ನ ಮೈಯನ್ನು ಕೆಲಸದಿಂದ ದೂರ ಒಯ್ದ. 1933ರ ಕೈದಿ ಕೋಣೆಯೊಳಗೆ ಕುಳಿತೇ ಅದನ್ನು ಹಿಂತೆಗೆದುಕೊಂಡ.

8. ಸಮಾರೋಪ

ಈ ಎರಡು ನಿರಾಕರಣೆಗಳ ಫಲ ಒಂದೇ ಆಗಿರಲಿಲ್ಲ. 1858ರ 227 ಮಂದಿಯ ಪರವಾಗಿ ಬರೆಯಲು ಪತ್ರಿಕೆಗಳಿರಲಿಲ್ಲ, ಮನವಿ ಮಾಡುವ ನಾಯಕರಿರಲಿಲ್ಲ. 1933ರ ಹೊತ್ತಿಗೆ ದ್ವೀಪದ ಕೂಗು ನಾಡನ್ನು ಮುಟ್ಟುವ ದಾರಿಗಳಾಗಿದ್ದವು. ಆದ್ದರಿಂದ ಮೊದಲನೆಯವರು ಅಂಕಿಗಳಾಗಿ ಉಳಿದರು, ಎರಡನೆಯವರು ಹೆಸರುಗಳಾಗಿ ಉಳಿದರು. 1979ರಲ್ಲಿ ಸೆಲ್ಯುಲರ್ ಜೈಲು ರಾಷ್ಟ್ರೀಯ ಸ್ಮಾರಕವಾಯಿತು. ಆ ಜೈಲನ್ನು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟಿದ ಸಾಮಾನ್ಯ ಕೈದಿಗಳು ಸ್ಮಾರಕದ ಕಥನದಲ್ಲಿ ಅಂಚಿನಲ್ಲಿದ್ದಾರೆ. ರಾಜಕೀಯ ಕೈದಿ ಮತ್ತು ಸಾಮಾನ್ಯ ಕೈದಿ ಎಂಬ ವಿಂಗಡಣೆಯನ್ನು ಪ್ರಶ್ನಿಸದೆ ಸ್ವೀಕರಿಸಿದರೆ ಈ ಅಸಮತೆ ಮುಂದುವರಿಯುತ್ತದೆ. ಆಯುಧ ಒಪ್ಪಿಸಲು ಒಲ್ಲದ ಹಲಗಲಿಯ ಬೇಡನನ್ನು ಅಂದಿನ ಕಾಗದಪತ್ರಗಳು ದಂಗೆಕೋರನೆಂದು ಕರೆದವು, ಇಂದಿನ ಚರಿತ್ರೆ ಸ್ವಾತಂತ್ರ್ಯವೀರನೆಂದು ಕರೆಯುತ್ತದೆ. ಹೆಸರಿಡುವ ಅಧಿಕಾರ ಯಾರದೆಂಬ ಪ್ರಶ್ನೆ ದ್ವೀಪದ ಕೈದಿಗೂ ಅನ್ವಯಿಸುತ್ತದೆ.

ತರಗತಿಯಲ್ಲಿ ಹಲಗಲಿಯ ಅಥವಾ ರಾಯಣ್ಣನ ಲಾವಣಿಯನ್ನು ಬೋಧಿಸುವಾಗ ಅದರ ಆವರಣದ ಆಚೆಗೂ ದೃಷ್ಟಿ ಹಾಯಿಸುವುದು ಅಗತ್ಯ. ಲಾವಣಿ ಕಂಡ ಸಾವಿನಂತೆಯೇ ಲಾವಣಿ ಕಾಣದ ದುಡಿಮೆಯೂ ವಸಾಹತುಶಾಹಿಯ ಚರಿತ್ರೆಗೆ ಸೇರಿದೆ. ಅದನ್ನು ಓದಲು ಕಡತದ ಅಂಕಿ, ಕೈದಿಯ ಮೈಮೇಲಿನ ಗುರುತು, ಕೆಲಸದ ಅಳತೆ, ತಪ್ಪಿಸಿಕೊಂಡವರ ಪಟ್ಟಿ ಇಂಥ ಒಣ ಆಕರಗಳನ್ನು ಪಠ್ಯಗಳಾಗಿ ಪರಿಗಣಿಸಬೇಕಾಗುತ್ತದೆ. ಸುರಪುರದ ರಾಜ ಕರಿನೀರಿಗಿಂತ ಸಾವನ್ನು ಬಯಸಿದ. ಆ ಆಯ್ಕೆಗೆ ರಾಜನೆಂಬ ಘನತೆಯ ಬೆಂಬಲವಿತ್ತು, ಕೇಳಿ ಬರೆದಿಡುವವನೊಬ್ಬನಿದ್ದ. ಅಂಥ ಆಯ್ಕೆಯಿಲ್ಲದೆ ನೀರು ದಾಟಿದವರು ದಿನದ ಕೆಲಸದ ಅಳತೆಯೊಳಗೇ ಒಲ್ಲೆನೆನ್ನುವ ದಾರಿಗಳನ್ನು ಹುಡುಕಿಕೊಂಡರು. 'ಕರಿನೀರು' ಎಂಬ ಪದದ ಅರ್ಥವನ್ನು ವಿವರಿಸುವಾಗ ದೂರ ಮತ್ತು ಭಯಗಳೊಂದಿಗೆ ಈ ದುಡಿಮೆಯನ್ನೂ ಅದರ ನಿರಾಕರಣೆಯನ್ನೂ ಸೇರಿಸಿಕೊಂಡಾಗಲೇ ಆ ಅರ್ಥ ಪೂರ್ಣವಾಗುತ್ತದೆ.